ಟ್ಯಾಪೆಟ್ ಸೌಂಡ್ ಅಂತ ಹೆಸರಿಡುವ ಮುಂಚೆ: ಇಂಜಿನ್ ಸದ್ದಿನ ಮೂಲ ಮತ್ತು ಅಳತೆ

ಜೆ.ಸಿ. ರಸ್ತೆಯ ಸ್ಪೇರ್ ಅಂಗಡಿಗಳಿಂದ ಪೀಣ್ಯದ ಗ್ಯಾರೇಜುಗಳವರೆಗೆ ಬೆಂಗಳೂರಿನಲ್ಲಿ ಇಂಜಿನ್ ಮೇಲ್ಗಡೆಯಿಂದ ಬರುವ ಯಾವ ಟಿಕ್‌ಟಿಕ್‌ಗೂ ಒಂದೇ ಹೆಸರು: ಟ್ಯಾಪೆಟ್ ಸೌಂಡ್. ವಾಲ್ವ್ ಕ್ಲಿಯರೆನ್ಸ್, ಅಂದರೆ ವಾಲ್ವನ್ನು ತೆರೆಯುವ ಟ್ಯಾಪೆಟ್ ಭಾಗಗಳ ನಡುವೆ ಬಿಡುವ ಸಣ್ಣ ಜಾಗ, ಹೆಚ್ಚಾದರೆ ಆ ಸದ್ದು ಬರುವುದು ನಿಜ. ಆದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರಿದರೂ ಹೆಚ್ಚುಕಮ್ಮಿ ಅದೇ ಸದ್ದು. ಪೆಟ್ರೋಲ್ ಇಂಜೆಕ್ಟರ್ ಸರಿಯಾಗಿ ಕೆಲಸ ಮಾಡುವಾಗಲೂ ಟಿಕ್ ಅನ್ನುತ್ತದೆ. ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಸೋತರೆ, ಆಯಿಲ್ ಒತ್ತಡದಿಂದ ಕ್ಲಿಯರೆನ್ಸನ್ನು ತಾನೇ ಸರಿಮಾಡಿಕೊಳ್ಳುವ ಹೈಡ್ರಾಲಿಕ್ ಲಿಫ್ಟರಿಗೆ ಆಯಿಲ್ ಏರದಿದ್ದರೆ, ಪಿಸ್ಟನ್ ಬೋರಿನ (ಸಿಲಿಂಡರಿನ ಕೊಳವೆಯ) ಗೋಡೆಗೆ ಬಡಿಯುತ್ತಿದ್ದರೆ, ಬಾನೆಟ್ ಎತ್ತಿ ನಿಂತವರ ಕಿವಿಗೆ ಎಲ್ಲವೂ ಒಂದೇ ತರಹ ಕೇಳಿಸಬಹುದು. ಹೆಸರಿಟ್ಟ ಮೇಲೆ ಕೆಲಸವೂ ಆ ಹೆಸರಿನ ಹಿಂದೆಯೇ ಹೋಗುತ್ತದೆ. ವಾಲ್ವ್ ಕವರ್ ಬಿಚ್ಚಿ, ಕ್ಲಿಯರೆನ್ಸ್ ಹೊಂದಿಸುವ ಶಿಮ್ ಬಿಲ್ಲೆ ಬದಲಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಸ್ಟಾರ್ಟ್ ಮಾಡಿದರೆ ಸದ್ದು ಇದ್ದಲ್ಲೇ ಇರುತ್ತದೆ, ಗಿರಾಕಿಯ ದುಡ್ಡು ಮಾತ್ರ ಹೋಗಿರುತ್ತದೆ.

ಇದನ್ನು ತಪ್ಪಿಸಲು ದುಬಾರಿ ಉಪಕರಣ ಬೇಕಿಲ್ಲ. ಯಾವ ಸದ್ದನ್ನಾದರೂ ಮೊದಲು ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟಿನ ತಿರುಗುವಿಕೆಗೆ ಕಟ್ಟಿಹಾಕಬೇಕು. ಕ್ರ್ಯಾಂಕಿನ ಪ್ರತಿ ಸುತ್ತಿನಲ್ಲಿ ಎಷ್ಟು ಸಲ ಬರುತ್ತದೆ, ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಏರಿದಾಗ ಜೊತೆಯಲ್ಲೇ ಏರುತ್ತದೆಯೇ, ಲೋಡ್ ಬಿದ್ದಾಗ ಏನಾಗುತ್ತದೆ, ಇಂಜಿನ್ ಬಿಸಿಯಾದ ಮೇಲೆ ಏನಾಗುತ್ತದೆ. ಈ ನಾಲ್ಕಕ್ಕೆ ಉತ್ತರ ಸಿಗುವವರೆಗೆ ಸ್ಪ್ಯಾನರ್ ಕೈಗೆತ್ತಿಕೊಳ್ಳಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಎಣಿಕೆ

ಆರ್‌ಪಿಎಂ ಅನ್ನು 60ರಿಂದ ಭಾಗಿಸಿದರೆ ಕ್ರ್ಯಾಂಕ್ ಸೆಕೆಂಡಿಗೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು ಸಿಗುತ್ತದೆ. 800 ಆರ್‌ಪಿಎಂ ಐಡ್ಲಿಂಗ್‌ನಲ್ಲಿ ಅದು 13.3. ವಾಲ್ವುಗಳನ್ನು ತೆರೆಯುವ ಕ್ಯಾಮ್ ಅದರ ಅರ್ಧ ವೇಗದಲ್ಲಿ, ಅಂದರೆ 6.7 ಸುತ್ತು. ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಹಾಗಾಗಿ 800ರಲ್ಲಿ ನಾಲ್ಕು ಸಿಲಿಂಡರಿನ ಕಾರು ಸೆಕೆಂಡಿಗೆ 26.7 ಸಲ, ಮೂರು ಸಿಲಿಂಡರಿನದು 20 ಸಲ ಉರಿಯುತ್ತದೆ. 3000 ಆರ್‌ಪಿಎಂಗೆ ಬಂದರೆ ನಾಲ್ಕು ಸಿಲಿಂಡರಿಗೆ 100 ಹರ್ಟ್ಜ್ (ಸೆಕೆಂಡಿಗೆ 100 ಸಲ), ಮೂರಕ್ಕೆ 75 ಹರ್ಟ್ಜ್. ಒಂದು ಸುತ್ತಿಗೆ ಎಷ್ಟು ಸಲ ಅನ್ನುವ ಈ ಸಂಖ್ಯೆಗೆ ಆರ್ಡರ್ ಅಂತ ಹೆಸರು. ನಾಲ್ಕು ಸಿಲಿಂಡರಿನ ಉರಿಯುವಿಕೆ 2ನೇ ಆರ್ಡರ್, ಮೂರು ಸಿಲಿಂಡರಿನದು 1.5, ಕ್ಯಾಮಿಗೆ ಸೇರಿದ್ದು 0.5.

ಸೆಕೆಂಡಿಗೆ ಆರೇಳು ಟಿಕ್‌ಗಳನ್ನು ಕಿವಿಯಿಂದ ಎಣಿಸಲಾಗದು. ಫೋನಿನಲ್ಲಿ ರೆಕಾರ್ಡ್ ಮಾಡಿ ಕಂಪ್ಯೂಟರಿನಲ್ಲಿ ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಅಲೆಯನ್ನು ಹಿಗ್ಗಿಸಿ ನೋಡಿದರೆ ಸಾಕು. 800 ಆರ್‌ಪಿಎಂನಲ್ಲಿ ಎರಡು ಶಿಖರಗಳ ನಡುವೆ 75 ಮಿಲಿಸೆಕೆಂಡ್ ಇದ್ದರೆ ಸದ್ದು ಪ್ರತಿ ಸುತ್ತಿಗೊಮ್ಮೆ ಬರುತ್ತಿದೆ. ಹಾಗಿದ್ದರೆ ಕ್ರ್ಯಾಂಕ್ ಪುಲ್ಲಿ, ಫ್ಲೈವೀಲ್, ಆಟೊಮ್ಯಾಟಿಕ್ ಗಾಡಿಯಾದರೆ ಬಿರುಕು ಬಿಟ್ಟ ಡ್ರೈವ್ ಪ್ಲೇಟ್ ನೋಡಬೇಕು. 150 ಮಿಲಿಸೆಕೆಂಡ್ ಇದ್ದರೆ ಎರಡು ಸುತ್ತಿಗೊಮ್ಮೆ. ಆಗ ವಾಲ್ವ್, ಇಂಜೆಕ್ಟರ್, ಒಂದೇ ಸಿಲಿಂಡರಿನ ಎಕ್ಸಾಸ್ಟ್ ಸೋರಿಕೆ, ಒಂದೇ ಸಿಲಿಂಡರಿನ ಪಿಸ್ಟನ್ ಬಡಿತ ಎಲ್ಲವೂ ಅನುಮಾನದ ಪಟ್ಟಿಯಲ್ಲಿ ಇರುತ್ತವೆ. ಶಿಖರಗಳು ಸುತ್ತಿಗೆ ಹೊಂದದೆ ಅಡ್ಡಾದಿಡ್ಡಿ ಬಿದ್ದಿದ್ದರೆ ಸಡಿಲವಾದ ಹೀಟ್ ಶೀಲ್ಡ್ ಅಥವಾ ಬ್ರಾಕೆಟ್ ಕಡೆ ನೋಡುವುದು ಒಳ್ಳೆಯದು. ಎಷ್ಟೋ ಸಲ 10 ಎಂಎಂ ಬೋಲ್ಟ್ ಒಂದನ್ನು ಬಿಗಿ ಮಾಡಿದರೆ ಮುಗಿಯುವ ಕೆಲಸ ಅದು.

ರೆಕಾರ್ಡಿಂಗ್ ಬಗ್ಗೆ ಎರಡು ಮಾತು. ಫೋನಿನ ಮಾಮೂಲಿ ವಾಯ್ಸ್ ರೆಕಾರ್ಡರ್ ಮನುಷ್ಯರ ಮಾತಿಗೆಂದು ಮಾಡಿದ್ದು. ಅದು ಹಿನ್ನೆಲೆ ಸದ್ದನ್ನು ತಾನೇ ತಗ್ಗಿಸುತ್ತದೆ, ಮಟ್ಟವನ್ನು ತಾನೇ ಏರಿಳಿಸುತ್ತದೆ. ನಮಗೆ ಬೇಕಾದದ್ದೇ ಆ ಹಿನ್ನೆಲೆ ಸದ್ದು! ಆಟೊ ಗೇನ್ ಮತ್ತು ನಾಯ್ಸ್ ಸಪ್ರೆಷನ್ ನಿಲ್ಲಿಸಲು ಬಿಡುವ ಆ್ಯಪ್ ಬಳಸಿ, 48 ಕಿಲೋಹರ್ಟ್ಜ್ ವೇವ್ ಫೈಲಿನಲ್ಲಿ ಉಳಿಸಿ. ಫೋನನ್ನು ಇಂಜಿನ್ನಿಗೆ ಅಂಟಿಸಿದಂತೆ ಹಿಡಿಯಬೇಡಿ, ಅರ್ಧ ಮೀಟರ್ ದೂರ ಇರಲಿ, ರೇಡಿಯೇಟರ್ ಫ್ಯಾನಿನ ಗಾಳಿ ಮೈಕಿಗೆ ಬಡಿಯಬಾರದು. ಅದೇ ಹೊತ್ತಿನಲ್ಲಿ ಗಾಡಿಯ ಕಂಪ್ಯೂಟರನ್ನು ಓದುವ ಓಬಿಡಿ ಸ್ಕ್ಯಾನರಿನ ಆರ್‌ಪಿಎಂ ಬರೆದಿಟ್ಟುಕೊಳ್ಳಿ. ಆರ್‌ಪಿಎಂ ಗೊತ್ತಿಲ್ಲದ ರೆಕಾರ್ಡಿಂಗ್ ಇದ್ದೂ ಇಲ್ಲದಂತೆ.

ಉರಿಯುವಾಗ ಹುಟ್ಟುವ ಸದ್ದು

ಸಿಲಿಂಡರಿನಲ್ಲಿ ಒತ್ತಡ ಎಷ್ಟು ಏರುತ್ತದೆ ಅನ್ನುವುದಕ್ಕಿಂತ ಎಷ್ಟು ಬೇಗ ಏರುತ್ತದೆ ಅನ್ನುವುದು ಸದ್ದನ್ನು ನಿರ್ಧರಿಸುತ್ತದೆ. ಡೀಸೆಲ್ ಕಟಕಟ ಅನ್ನುವುದು ಇದಕ್ಕೇ. ಇಂಜೆಕ್ಟರ್ ಸಿಂಪಡಿಸಿದ ತಕ್ಷಣ ಡೀಸೆಲ್ ಹೊತ್ತಿಕೊಳ್ಳುವುದಿಲ್ಲ. ಆ ಸಣ್ಣ ವಿಳಂಬದಲ್ಲಿ ಸೇರಿಕೊಂಡ ಇಂಧನ ಒಮ್ಮೆಲೇ ಉರಿದಾಗ ಒತ್ತಡ ಗೋಡೆಯಂತೆ ನೆಟ್ಟಗೆ ಏರಿ ಬ್ಲಾಕನ್ನು ಗುದ್ದುತ್ತದೆ. ಬೆಳಗಿನ ಚಳಿಯಲ್ಲಿ ವಿಳಂಬ ಹೆಚ್ಚು, ಹಾಗಾಗಿ ಸದ್ದೂ ಹೆಚ್ಚು. ಎಲ್ಲ ಇಂಜೆಕ್ಟರುಗಳಿಗೂ ಒಂದೇ ಅಧಿಕ ಒತ್ತಡದ ಕೊಳವೆಯಿಂದ ಡೀಸೆಲ್ ಕೊಡುವ ಕಾಮನ್ ರೇಲ್ ಇಂಜಿನ್ನುಗಳು ಮುಖ್ಯ ಸಿಂಪಡಣೆಗೆ ಮುಂಚೆ ಒಂದೆರಡು ಮಿಲಿಗ್ರಾಂನಷ್ಟು ಪೈಲಟ್ ಇಂಧನ ಬಿಟ್ಟು ಬೆಂಕಿಯನ್ನು ಮೊದಲೇ ಸಿದ್ಧಪಡಿಸಿ ಈ ವಿಳಂಬವನ್ನು ಕುಗ್ಗಿಸುತ್ತವೆ. ಇಂಜೆಕ್ಟರ್ ಸವೆದು ಆ ಚೂರು ಇಂಧನ ಸರಿಯಾಗಿ ಬೀಳದಿದ್ದರೆ ಹೊಸ ಕಾರೂ ಹಳೇ ಜೀಪಿನ ಹಾಗೆ ಕಟಕಟಿಸುತ್ತದೆ.

ಯಾವ ಸಿಲಿಂಡರ್ ಎಂದು ತಿಳಿಯಲು ಒಂದೊಂದನ್ನೇ ನಿಲ್ಲಿಸಿ ನೋಡುವುದು ಹಳೆಯ ವಿಧಾನ, ಈಗಲೂ ಒಳ್ಳೆಯದೇ. ಆದರೆ ಮೆಕ್ಯಾನಿಕಲ್ ಪಂಪಿನ ಕಾಲದಲ್ಲಿ ಪೈಪಿನ ನಟ್ ಸಡಿಲಿಸುತ್ತಿದ್ದಂತೆ ಕಾಮನ್ ರೇಲ್‌ನಲ್ಲಿ ಯಾವ ಕಾರಣಕ್ಕೂ ಮಾಡಬಾರದು. ಅಲ್ಲಿನ ಒತ್ತಡ ಸಾವಿರ ಬಾರ್ ದಾಟಬಲ್ಲದು. ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ, ಗಾಯ ಸಣ್ಣದಾಗಿ ಕಂಡರೂ ಕೈಯೇ ಹೋಗುವಷ್ಟು ಅಪಾಯ. ಸ್ಕ್ಯಾನರಿನಿಂದಲೇ ಇಂಜೆಕ್ಟರ್ ಕಟ್ ಮಾಡಿ, ಇಂಜೆಕ್ಟರ್ ಕರೆಕ್ಷನ್ ಮೌಲ್ಯಗಳನ್ನೂ ಓದಿಕೊಳ್ಳಿ. ಪೀಜೋ ಇಂಜೆಕ್ಟರ್ ಇದ್ದರೆ ಇಂಜಿನ್ ಓಡುವಾಗ ಅದರ ಪ್ಲಗ್ ಕೀಳಬಾರದು. ಪೆಟ್ರೋಲಿನಲ್ಲಿ ಸ್ಪಾರ್ಕ್ ಕೊಡುವ ಕಾಯಿಲ್ ಕಿತ್ತು ನೋಡುವವರು ಅದೇ ಸಿಲಿಂಡರಿನ ಇಂಜೆಕ್ಟರ್ ಕನೆಕ್ಟರನ್ನೂ ಕೀಳಬೇಕು. ಇಲ್ಲದಿದ್ದರೆ ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ.

ಪೆಟ್ರೋಲ್ ನಾಕಿಂಗ್, ಅಂದರೆ ಬೆಂಕಿ ತಲುಪುವ ಮುಂಚೆಯೇ ಉಳಿದ ಮಿಶ್ರಣ ತಾನೇ ಸಿಡಿಯುವುದು, ಬೇರೆ ಜಾತಿಯದು. ಇಲ್ಲಿ ಸಿಲಿಂಡರಿನೊಳಗಿನ ಅನಿಲವೇ ಅತ್ತಿತ್ತ ಅನುರಣಿಸುತ್ತದೆ. ಅದರ ಆವರ್ತನ ಬೋರಿನ ವ್ಯಾಸವನ್ನು ಅವಲಂಬಿಸಿದೆ: 1.84 ಅನ್ನು ಬಿಸಿ ಅನಿಲದಲ್ಲಿನ ಶಬ್ದದ ವೇಗದಿಂದ ಗುಣಿಸಿ, ಬೋರಿನ ಸುತ್ತಳತೆಯಿಂದ ಭಾಗಿಸಿ. ವೇಗ ಸೆಕೆಂಡಿಗೆ ಸುಮಾರು 950 ಮೀಟರ್ ಎಂದು ಹಿಡಿದರೆ 80 ಮಿಲಿಮೀಟರ್ ಬೋರಿಗೆ ಸುಮಾರು 7 ಕಿಲೋಹರ್ಟ್ಜ್, 70 ಮಿಲಿಮೀಟರಿಗೆ ಸುಮಾರು 8. ಆರ್‌ಪಿಎಂ ಬದಲಾದರೂ ಈ ಆವರ್ತನ ಹೆಚ್ಚುಕಮ್ಮಿ ಅಲ್ಲೇ ನಿಲ್ಲುತ್ತದೆ, ನಾಕಿಂಗನ್ನು ಗುರುತಿಸುವುದು ಅದರಿಂದಲೇ. ಬ್ಲಾಕಿಗೆ ಬೋಲ್ಟ್ ಮಾಡಿರುವ ನಾಕ್ ಸೆನ್ಸರ್ ಈ ಆವರ್ತನವನ್ನೇ ಕೇಳಿಸಿಕೊಳ್ಳುತ್ತದೆ. ಅದರ ಬೋಲ್ಟ್ ಸಾಮಾನ್ಯವಾಗಿ 20 ನ್ಯೂಟನ್ ಮೀಟರ್ ಆಸುಪಾಸು. ಅಡಿಯಲ್ಲಿ ವಾಷರ್ ಹಾಕಿದರೆ, ತುಕ್ಕು ಉಳಿದರೆ, ಟಾರ್ಕ್ ರೆಂಚ್ ಇಲ್ಲದೆ ಕೈಬಲದಲ್ಲಿ ಬಿಗಿದರೆ ಸೆನ್ಸರಿಗೆ ಸರಿಯಾಗಿ ಕೇಳಿಸುವುದಿಲ್ಲ. ಆಗ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಸುಮ್ಮಸುಮ್ಮನೆ ಸ್ಪಾರ್ಕಿನ ಟೈಮಿಂಗ್ ಹಿಂದಕ್ಕೆ ಎಳೆದು ಪಿಕಪ್ ಕೊಲ್ಲುತ್ತದೆ, ಇಲ್ಲವೇ ನಿಜವಾದ ನಾಕಿಂಗನ್ನು ಬಿಟ್ಟುಬಿಡುತ್ತದೆ.

ಬೆಂಗಳೂರಿನವರು ಇಲ್ಲಿ ಒಂದು ವಿಷಯ ನೆನಪಿಡಬೇಕು. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಸ್ವಲ್ಪ ಮೇಲಿದೆ, ಗಾಳಿಯ ಒತ್ತಡ ಸುಮಾರು ಶೇಕಡಾ 10 ಕಡಿಮೆ. ಟರ್ಬೊ ಇಲ್ಲದ ಇಂಜಿನ್ ಇಲ್ಲಿ ಕಡಿಮೆ ಗಾಳಿ ಎಳೆದುಕೊಳ್ಳುವುದರಿಂದ ನಾಕಿಂಗೂ ಕಡಿಮೆ. ಇಂಗಾಲ ಕಟ್ಟಿದ ಇಂಜಿನ್ ಇಲ್ಲಿ ಸುಮ್ಮನಿದ್ದು, ಮಂಗಳೂರಿಗೆ ಇಳಿದು ಆ ಸೆಕೆಯಲ್ಲಿ ಏರು ಹತ್ತುವಾಗ ಹೊಡೆಯಲು ಶುರುಮಾಡಿದರೆ ದಾರಿಯಲ್ಲಿ ಹಾಕಿಸಿದ ಪೆಟ್ರೋಲನ್ನೇ ಬೈಯಬೇಕಿಲ್ಲ.

ಲೋಹಕ್ಕೆ ಲೋಹ

ಪಿಸ್ಟನ್ ಬಡಿತ, ಅಂದರೆ ಪಿಸ್ಟನ್ ಸ್ಲ್ಯಾಪ್, ತಣ್ಣಗಿರುವಾಗ ಜೋರು. ಅಲ್ಯೂಮಿನಿಯಂ ಪಿಸ್ಟನ್ ಬಿಸಿಯಾಗಿ ಹಿಗ್ಗಿದಂತೆ ಸದ್ದು ಇಳಿಯುತ್ತದೆ. ಆ ಸಿಲಿಂಡರಿನ ಉರಿ ನಿಲ್ಲಿಸಿದರೆ ಇನ್ನೂ ಇಳಿಯುತ್ತದೆ. ಸಣ್ಣ ಇಂಜಿನ್ನುಗಳಲ್ಲಿ ಪಿಸ್ಟನ್ ಮತ್ತು ಬೋರಿನ ನಡುವಿನ ಜಾಗ ಸಾಮಾನ್ಯವಾಗಿ 0.03ರಿಂದ 0.06 ಮಿಲಿಮೀಟರ್. ಅಳೆಯುವಾಗ ಪಿಸ್ಟನ್ನನ್ನು ಸ್ಕರ್ಟಿನಲ್ಲಿ, ಪಿನ್ನಿಗೆ ಅಡ್ಡಲಾಗಿ, ಮ್ಯಾನ್ಯುಯಲ್ ಹೇಳಿದ ಎತ್ತರದಲ್ಲೇ ಮೈಕ್ರೋಮೀಟರ್ ಇಟ್ಟು ಅಳೆಯಬೇಕು. ಪಿಸ್ಟನ್ ಪೂರ್ತಿ ದುಂಡಗಿರುವುದಿಲ್ಲ, ಎತ್ತರ ತಪ್ಪಿದರೆ ಅಂಕಿಯೂ ತಪ್ಪುತ್ತದೆ. ಬೋರನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ, ಪ್ರತಿ ಕಡೆ ಎರಡು ದಿಕ್ಕಿನಲ್ಲಿ ಬೋರ್ ಗೇಜಿನಿಂದ ನೋಡಿ. ಓವರ್‌ಹಾಲ್ ಮುಗಿದ ಮೇಲೆ ಮಾತ್ರ ಈ ಸದ್ದು ಶುರುವಾಗಿದ್ದರೆ ಪಿಸ್ಟನ್ ತಿರುಗುಮುರುಗಾಗಿ ಕೂತಿರುವ ಸಾಧ್ಯತೆ ದೊಡ್ಡದು. ಬಡಿತ ತಗ್ಗಿಸಲೆಂದೇ ಪಿನ್ನನ್ನು ನಡುವಿನಿಂದ ಚೂರು ಪಕ್ಕಕ್ಕೆ ಸರಿಸಿರುತ್ತಾರೆ. ಪಿಸ್ಟನ್ ತಲೆಯ ಮೇಲಿನ ಬಾಣದ ಗುರುತು ಕಡೆಗಣಿಸಿದರೆ ಆ ಉಪಾಯವೇ ಉಲ್ಟಾ ಹೊಡೆಯುತ್ತದೆ.

ಬಿಸಿಯಾದ ಮೇಲೆ ಹೆಚ್ಚಾಗುವ, ದಪ್ಪನೆಯ ಢಕ್ ಢಕ್ ಬೇರಿಂಗಿನದು. ಆಯಿಲ್ ತೆಳುವಾದಂತೆ ಸವೆದ ಜಾಗದಲ್ಲಿ ಪದರ ನಿಲ್ಲುವುದಿಲ್ಲ. ಸ್ವಲ್ಪ ರೇಸ್ ಮಾಡಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟಾಗ ಕನೆಕ್ಟಿಂಗ್ ರಾಡ್ ಬೇರಿಂಗ್ ತನ್ನ ಗುರುತು ಹೇಳಿಬಿಡುತ್ತದೆ. ಇದು ಖಚಿತವಾದರೆ ಗಾಡಿಯನ್ನು ಓಡಿಸಿಕೊಂಡು ಹೋಗಬಾರದು, ಟೋ ಮಾಡಿಸಬೇಕು.

ಇನ್ನು ಟ್ಯಾಪೆಟ್. ಕ್ಲಿಯರೆನ್ಸನ್ನು ಇಂಜಿನ್ ಪೂರ್ತಿ ತಣ್ಣಗಿರುವಾಗ, ಕ್ಯಾಮಿನ ಉಬ್ಬು ವಾಲ್ವಿನಿಂದ ಆಚೆ ತಿರುಗಿದ್ದಾಗ ಫೀಲರ್ ಗೇಜಿನಿಂದ ನೋಡುತ್ತಾರೆ. ಎಷ್ಟೋ ಕಾರುಗಳಲ್ಲಿ ಇನ್‌ಲೆಟ್ 0.15ರಿಂದ 0.20, ಎಕ್ಸಾಸ್ಟ್ 0.20ರಿಂದ 0.30 ಮಿಲಿಮೀಟರ್ ಇರುತ್ತದೆ, ಆದರೂ ನಿಮ್ಮ ಇಂಜಿನ್ನಿನ ಮ್ಯಾನ್ಯುಯಲ್ ಹೇಳಿದ್ದೇ ಕೊನೆ ಮಾತು. ಸದ್ದು ಮಾಡುವ ಟ್ಯಾಪೆಟ್ಟಿಗಿಂತ ಸದ್ದೇ ಮಾಡದ ಟ್ಯಾಪೆಟ್ ನನ್ನನ್ನು ಹೆಚ್ಚು ಹೆದರಿಸುತ್ತದೆ. ಸಿಎನ್‌ಜಿ, ಎಲ್‌ಪಿಜಿ ಒಣ ಇಂಧನ. ಇವುಗಳಲ್ಲಿ ಎಕ್ಸಾಸ್ಟ್ ವಾಲ್ವ್ ಸೀಟ್ ಬೇಗ ಸವೆದು ವಾಲ್ವ್ ಮೇಲಕ್ಕೆ ಸರಿಯುತ್ತಾ ಹೋಗುತ್ತದೆ, ಕ್ಲಿಯರೆನ್ಸ್ ಹೆಚ್ಚಾಗುವ ಬದಲು ಕಡಿಮೆಯಾಗುತ್ತದೆ. ಇಂಜಿನ್ ದಿನೇ ದಿನೇ ಮೆತ್ತಗಾಗುತ್ತದೆ, ಓಡಿಸುವವರಿಗೆ ಖುಷಿ. ಕೊನೆಗೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ, ತನ್ನ ಶಾಖವನ್ನು ಸೀಟಿಗೆ ದಾಟಿಸಲಾಗದೆ ಸುಟ್ಟುಹೋಗುತ್ತದೆ. ನಮ್ಮ ಊರಿನ ಗ್ಯಾಸ್ ಆಟೊಗಳೂ ಸಿಎನ್‌ಜಿ ಟ್ಯಾಕ್ಸಿಗಳೂ ದಿನವಿಡೀ ಓಡುವಂಥವು. ಅವುಗಳಲ್ಲಿ ಸದ್ದಿಗೆ ಕಾಯದೆ ಕಿಲೋಮೀಟರ್ ಲೆಕ್ಕಕ್ಕೆ ಕ್ಲಿಯರೆನ್ಸ್ ನೋಡಲೇಬೇಕು.

ಹೈಡ್ರಾಲಿಕ್ ಲಿಫ್ಟರ್ ಇರುವ ಇಂಜಿನ್ ಸ್ಟಾರ್ಟ್ ಆದ ಮೇಲೆ ಕೆಲವು ಸೆಕೆಂಡ್ ಟಿಕ್ ಅಂದರೆ ಚಿಂತೆಯಿಲ್ಲ. ನಿಲ್ಲದಿದ್ದರೆ ಆಯಿಲ್ ಮಟ್ಟ ನೋಡಿ. ಕಡಿಮೆಯಿದ್ದರಷ್ಟೇ ಅಲ್ಲ, ಹೆಚ್ಚು ತುಂಬಿಸಿದರೂ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ಲಿಫ್ಟರಿನೊಳಗೆ ಗಾಳಿ ಸೇರಿ ಸದ್ದು ಬರುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದ ಒಂದೆರಡು ಸೆಕೆಂಡ್ ಗರಗರ ಅಂದರೆ ಟೈಮಿಂಗ್ ಚೈನ್ ಟೆನ್ಷನರಿನಿಂದ ರಾತ್ರಿ ಆಯಿಲ್ ಇಳಿದುಹೋಗಿದೆ ಎಂದರ್ಥ. ಚೈನ್ ಉದ್ದವಾಗಿದೆಯೇ ಅನ್ನುವುದನ್ನು ಸ್ಕ್ಯಾನರಿನಲ್ಲಿ ಕ್ಯಾಮ್ ಮತ್ತು ಕ್ರ್ಯಾಂಕ್ ಹೊಂದಾಣಿಕೆಯ ಮೌಲ್ಯದಿಂದ ಮೊದಲು ನೋಡಿ, ಆಮೇಲೆ ಇಂಜಿನ್ನಿನ ಮುಂದಿನ ಕವರ್ ಬಿಚ್ಚಿ. ಚೈನ್ ಹಲ್ಲಿಗೆ ಕೂರುವ ಸದ್ದಿನ ಆವರ್ತನ ಸ್ಪ್ರಾಕೆಟ್ ಹಲ್ಲಿನ ಸಂಖ್ಯೆ ಮತ್ತು ಸುತ್ತಿನ ಗುಣಲಬ್ಧ: 20 ಹಲ್ಲು, 3000 ಆರ್‌ಪಿಎಂ ಆದರೆ ಸರಿಯಾಗಿ 1000 ಹರ್ಟ್ಜ್.

ಟ್ಯಾಪೆಟ್ ಎಂದು ಅತಿ ಹೆಚ್ಚು ಸಲ ತಪ್ಪಾಗಿ ಹೆಸರು ಪಡೆಯುವುದು ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರಿಕೆ. ಗುರುತು ಹಿಡಿಯುವುದು ಸುಲಭ. ತಣ್ಣಗಿರುವಾಗ ಟಿಕ್, ಬಿಸಿಯಾಗಿ ಲೋಹ ಹಿಗ್ಗಿ ಬಿರುಕು ಮುಚ್ಚಿಕೊಂಡಾಗ ಮಾಯ, ಲೋಡ್ ಕೊಟ್ಟರೆ ಜೋರು. ಸ್ಟಡ್ ಸುತ್ತ ಕಪ್ಪು ಮಸಿ. ಸ್ಟೆತೊಸ್ಕೋಪಿನ ಲೋಹದ ಕಡ್ಡಿ ತೆಗೆದು ಬರೀ ರಬ್ಬರ್ ನಳಿಗೆಯ ತುದಿಯನ್ನು ಫ್ಲ್ಯಾಂಜಿನ ಉದ್ದಕ್ಕೂ ಸರಿಸಿದರೆ ಸೋರುವ ಜಾಗದಲ್ಲಿ ಸದ್ದು ಥಟ್ಟನೆ ಏರುತ್ತದೆ. ಕಡ್ಡಿ ಹಾಕಿ ಲೋಹ ಮುಟ್ಟಿದರೆ ಇಡೀ ಹೆಡ್ಡಿನ ಸದ್ದೇ ಕಿವಿಗೆ ಬಂದು ಗೊಂದಲವಾಗುತ್ತದೆ. ಬೇರಿಂಗ್, ಇಂಜೆಕ್ಟರ್, ಪಂಪುಗಳಿಗೆ ಕಡ್ಡಿ, ಗಾಳಿ ಸೋರಿಕೆಗೆ ಬರೀ ನಳಿಗೆ.

ಬೆಲ್ಟಿನ ಕಡೆಯ ಸದ್ದುಗಳಿಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಓಡುತ್ತಿರುವ ಬೆಲ್ಟಿನ ಹಲ್ಲಿನ ಬದಿಗೆ ಸ್ವಲ್ಪ ನೀರು ಸಿಂಪಡಿಸಿ. ಕಿರುಚು ಒಂದು ಕ್ಷಣ ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಜೋರಾದರೆ ಬಿಗಿತ ಸಾಲದು. ಎರಡೂ ಆಗದಿದ್ದರೆ ಬೆಲ್ಟ್ ತೆಗೆದು ಒಂದು ನಿಮಿಷದೊಳಗೆ ಓಡಿಸಿ ನೋಡಿ, ಸದ್ದು ಹೋದರೆ ಆಲ್ಟರ್ನೇಟರ್ ಅಥವಾ ಐಡ್ಲರ್ ಬೇರಿಂಗ್. ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತಿದ್ದರೆ ನಿಮಿಷ ದಾಟಬಾರದು.

ಉಸಿರಾಟದ ಎರಡು ತುದಿ

ಏರ್ ಫಿಲ್ಟರ್ ಪೆಟ್ಟಿಗೆಗೆ ಹೋಗುವ ಕೊಳವೆಯ ಪಕ್ಕದಲ್ಲಿ ಎಲ್ಲಿಗೂ ಹೋಗದ ಒಂದು ಕುರುಡು ಕೊಳವೆ ಅಥವಾ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಸರ್ವಿಸ್ ಮಾಡುವಾಗ ಬೇಡದ್ದು ಎಂದು ಅದನ್ನು ಎಸೆಯುವವರಿದ್ದಾರೆ. ಅದು ರೆಸೊನೇಟರ್. 25 ಸೆಂಟಿಮೀಟರ್ ಉದ್ದದ ಕುರುಡು ಕೊಳವೆ ಸುಮಾರು 340 ಹರ್ಟ್ಜ್ ಸದ್ದನ್ನು ತಿಂದುಹಾಕುತ್ತದೆ. ಲೆಕ್ಕ ಸರಳ, ಶಬ್ದದ ವೇಗವನ್ನು ಉದ್ದದ ನಾಲ್ಕರಷ್ಟರಿಂದ ಭಾಗಿಸಿ. ಅದನ್ನು ಎಸೆದ ಮೇಲೆ ಆಕ್ಸಿಲರೇಟರ್ ಒತ್ತಿದಾಗ ಮುಂದಿನಿಂದ ಬರುವ ಹುಂಕಾರಕ್ಕೆ ಇಂಜಿನ್ ಕಾರಣ ಅಲ್ಲ.

ಸೈಲೆನ್ಸರ್ ಇದೇ ತತ್ವದ ದೊಡ್ಡ ಪೆಟ್ಟಿಗೆ. ಇದರ ಶಬ್ದಶಾಸ್ತ್ರದ ಮೇಲೆ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಂ.ಎಲ್. ಮುಂಜಾಲ್ ದಶಕಗಳ ಕಾಲ ಮಾಡಿದ ಕೆಲಸ ಜಗತ್ತಿನಾದ್ಯಂತ ಬಳಕೆಯಲ್ಲಿದೆ ಅನ್ನುವುದು ಬೆಂಗಳೂರಿನವರಿಗೆ ಹೆಮ್ಮೆಯ ವಿಷಯ. ಪೈಪಿಗಿಂತ 9 ಪಟ್ಟು ಅಡ್ಡಕೊಯ್ತದ ವಿಸ್ತೀರ್ಣ ಇರುವ ಬರೀ ಖಾಲಿ ಪೆಟ್ಟಿಗೆ ಗರಿಷ್ಠ 13 ಡೆಸಿಬೆಲ್‌ನಷ್ಟು ತಡೆಯುತ್ತದೆ, 16 ಪಟ್ಟು ಇದ್ದರೆ 18. ಆದರೆ ಪೆಟ್ಟಿಗೆಯ ಉದ್ದ ಅರ್ಧ ತರಂಗಾಂತರಕ್ಕೆ ಸಮವಾದ ಕಡೆ ತಡೆ ಸೊನ್ನೆ. ಸುಮಾರು 350 ಡಿಗ್ರಿ ಸೆಲ್ಸಿಯಸ್‌ನ ಹೊಗೆಯಲ್ಲಿ ಶಬ್ದದ ವೇಗ 500 ಮೀಟರ್, ಆದ್ದರಿಂದ ಅರ್ಧ ಮೀಟರ್ ಪೆಟ್ಟಿಗೆಯಲ್ಲಿ 500 ಹರ್ಟ್ಜ್ ಸದ್ದು ತಡೆಯಿಲ್ಲದೆ ದಾಟುತ್ತದೆ. ಒಳಗೆ ಚಾಚಿದ ಪೈಪು, ತೂತಿನ ಪೈಪು, ಅಡ್ಡಗೋಡೆ ಎಲ್ಲ ಇರುವುದು ಇಂಥ ಕಿಂಡಿಗಳನ್ನು ಮುಚ್ಚಲು. ಅವನ್ನು ಕೊರೆದು ತೆಗೆದ ಸೈಲೆನ್ಸರ್ ಹೊರಗೆ ಹೊಸದಾಗಿ ಕಂಡರೂ ಒಳಗೆ ಬರೀ ಡಬ್ಬ. ಸಣ್ಣ ಸಣ್ಣ ಓಡಾಟದಲ್ಲಿ ಸೈಲೆನ್ಸರ್ ಪೂರ್ತಿ ಬಿಸಿಯಾಗದೆ ನೀರು ನಿಂತು ಒಳಗಿನಿಂದ ತುಕ್ಕು ಹಿಡಿಯುತ್ತದೆ. ತಳದಲ್ಲಿರುವ ಸಣ್ಣ ತೂತು ಆ ನೀರು ಹೋಗಲೆಂದು ಮಾಡಿದ್ದು, ಸೋರಿಕೆ ಎಂದು ವೆಲ್ಡ್ ಮಾಡಿ ಮುಚ್ಚಬೇಡಿ.

ಡೆಸಿಬೆಲ್ ಲೆಕ್ಕ

ಸದ್ದು ಅಳೆಯುವ ಮೀಟರ್ ಹಿಡಿಯುವ ಮುಂಚೆ ಡೆಸಿಬೆಲ್ಲುಗಳು ಮಾಮೂಲಿಯಾಗಿ ಕೂಡುವುದಿಲ್ಲ ಅನ್ನುವುದು ಮೈಗೆ ಹತ್ತಬೇಕು. 70ಕ್ಕೆ 70 ಸೇರಿದರೆ 73. 70ಕ್ಕೆ 60 ಸೇರಿದರೆ 70.4. ಒಂದು ಗಾಡಿಯಲ್ಲಿ ಎಕ್ಸಾಸ್ಟ್ 72, ಇನ್‌ಟೇಕ್ 68, ಇಂಜಿನ್ ಮೈ 66 ಎಂದಿಟ್ಟುಕೊಳ್ಳಿ, ಒಟ್ಟು 74.2. ಬಾನೆಟ್ ತುಂಬ ಫೋಮ್ ಮೆತ್ತಿ ಇಂಜಿನ್ ಮೈ ಸದ್ದನ್ನು ಪೂರ್ತಿ ಇಲ್ಲವಾಗಿಸಿದರೂ ಒಟ್ಟು ಇಳಿಯುವುದು ಬರೀ 0.7. ಅದೇ ಎಕ್ಸಾಸ್ಟನ್ನು 72ರಿಂದ 67ಕ್ಕೆ ಇಳಿಸಿದರೆ ಒಟ್ಟು 2.3 ಇಳಿಯುತ್ತದೆ. ದೊಡ್ಡ ಮೂಲವನ್ನು ಬಿಟ್ಟು ಸಣ್ಣದಕ್ಕೆ ಮಾಡಿದ ಖರ್ಚು ನೀರಿಗೆ ಹಾಕಿದಂತೆ.

ಎರಡನೆಯದು ಎ-ವೇಯ್ಟಿಂಗ್. ಕಿವಿ ಕೆಳಸ್ಥಾಯಿಗೆ ಮಂದ ಎಂದು ಮೀಟರ್ 100 ಹರ್ಟ್ಜ್‌ನಲ್ಲಿ 19 ಡೆಸಿಬೆಲ್, 50 ಹರ್ಟ್ಜ್‌ನಲ್ಲಿ 30 ಡೆಸಿಬೆಲ್ ಕಳೆದು ತೋರಿಸುತ್ತದೆ. ಇಂಜಿನ್ ಮೌಂಟಿಂಗ್ ಹೋಗಿ ಕಾರಿನೊಳಗೆ ಗುಂಯ್ ಎಂದು ಎದೆಗೆ ಬಡಿಯುವ ಸದ್ದು ಇರುವುದೇ ಅಲ್ಲಿ, ನಾಲ್ಕು ಸಿಲಿಂಡರಿಗೆ 1500ರಿಂದ 3000 ಆರ್‌ಪಿಎಂವರೆಗೆ 50ರಿಂದ 100 ಹರ್ಟ್ಜ್. ಗಿರಾಕಿ ಸದ್ದಿದೆ ಅನ್ನುತ್ತಾರೆ, ಎ-ವೇಯ್ಟಿಂಗಿನ ಮೀಟರ್ ಇಲ್ಲ ಅನ್ನುತ್ತದೆ. ಗಿರಾಕಿ ಹೇಳುವುದೇ ಸರಿ. ಮೀಟರನ್ನು ಸಿ ಅಥವಾ ಝಡ್‌ಗೆ (ಕೆಳಸ್ಥಾಯಿಯನ್ನು ಅಷ್ಟಾಗಿ ಕಳೆಯದ ವೇಯ್ಟಿಂಗ್‌ಗಳು) ತಿರುಗಿಸಿ ನೋಡಿ.

ಮೀಟರ್ ಹಿಡಿಯುವುದು

ಕ್ಲಾಸ್ 1 ಅಥವಾ ಕ್ಲಾಸ್ 2 ಮೀಟರ್, ಗೊತ್ತಿರುವ ಮಟ್ಟದ ಸದ್ದು ಕೊಟ್ಟು ಅದನ್ನು ಪರೀಕ್ಷಿಸುವ ಕ್ಯಾಲಿಬ್ರೇಟರ್, ಗಾಳಿ ತಡೆಯುವ ಫೋಮ್ ಚೆಂಡು, ಟ್ರೈಪಾಡ್ ಬೇಕು. ಕ್ಯಾಲಿಬ್ರೇಟರ್ 1 ಕಿಲೋಹರ್ಟ್ಜ್‌ನಲ್ಲಿ 94 ಡೆಸಿಬೆಲ್, ಅಂದರೆ 1 ಪಾಸ್ಕಲ್ ಕೊಡುತ್ತದೆ. ಅಳತೆಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಹಾಕಿ ನೋಡಬೇಕು. ಎರಡರ ನಡುವೆ ಅರ್ಧ ಡೆಸಿಬೆಲ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ನಡುವಿನ ಅಂಕಿಗಳನ್ನೆಲ್ಲ ಬಿಟ್ಟು ಮತ್ತೆ ಅಳೆಯಿರಿ. 250 ಹರ್ಟ್ಜ್‌ನ ಪಿಸ್ಟನ್‌ಫೋನ್ ಎಂಬ ಬೇರೆ ಬಗೆಯ ಕ್ಯಾಲಿಬ್ರೇಟರ್ ಬಳಸುವವರಿಗೆ ಬೆಂಗಳೂರಿನಲ್ಲಿ ವಿಶೇಷ ಎಚ್ಚರ ಬೇಕು. ಅದು ಕೊಡುವ ಮಟ್ಟ ಗಾಳಿಯ ಒತ್ತಡಕ್ಕೆ ತಕ್ಕಂತೆ ಬದಲಾಗುತ್ತದೆ. ಸಮುದ್ರಮಟ್ಟದಲ್ಲಿ 1013 ಹೆಕ್ಟೋಪಾಸ್ಕಲ್, ಇಲ್ಲಿ ಸುಮಾರು 910, ಆದ್ದರಿಂದ ಮಟ್ಟ 0.9 ಡೆಸಿಬೆಲ್ ಕಡಿಮೆ ಬರುತ್ತದೆ. ಜೊತೆಗೆ ಬರುವ ಬ್ಯಾರೋಮೀಟರ್ ನೋಡಿ ತಿದ್ದುಪಡಿ ಸೇರಿಸದೆ ಮೀಟರನ್ನು ಪ್ರಮಾಣಪತ್ರದ ಅಂಕಿಗೆ ತಿರುಗಿಸಿದರೆ ಆಮೇಲಿನ ಪ್ರತಿ ಅಳತೆಯೂ 0.9 ಹೆಚ್ಚಾಗಿ ಬರುತ್ತದೆ. ಅಂಚಿನಲ್ಲಿರುವ ಗಾಡಿ ಪಾಸೋ ಫೇಲೋ ಎಂದು ತೀರ್ಮಾನವಾಗುವುದು ಇಷ್ಟರಲ್ಲೇ.

ಜಾಗದ ವಿಷಯಕ್ಕೆ ಬಂದರೆ ಹಗಲಿನ ಕಲಾಸಿಪಾಳ್ಯದಲ್ಲಿ ಇಂಜಿನ್ ಸದ್ದು ಅಳೆಯುವುದು ವ್ಯರ್ಥ. ಇಂಜಿನ್ ನಿಲ್ಲಿಸಿದಾಗಿನ ಹಿನ್ನೆಲೆ ಸದ್ದು ಕನಿಷ್ಠ 10 ಡೆಸಿಬೆಲ್ ಕೆಳಗಿರಬೇಕು. ವ್ಯತ್ಯಾಸ 6 ಇದ್ದರೆ ಅಳತೆಯಿಂದ 1.3 ಕಳೆಯಬಹುದು, 3 ಇದ್ದರೆ 3 ಕಳೆಯಬೇಕು. 6ಕ್ಕಿಂತ ಕೆಳಗೆ ಬಂದ ಅಂಕಿಯನ್ನು ನಾನು ನಂಬುವುದಿಲ್ಲ. ಭಾನುವಾರ ಬೆಳಗಿನ ಜಾವ, ಊರಂಚಿನ ಖಾಲಿ ಲೇಔಟಿನ ಡಾಂಬರು ರಸ್ತೆ ಒಳ್ಳೆಯದು. ಮೈಕಿನ ಸುತ್ತ ಮತ್ತು ಗಾಡಿಯ ಸುತ್ತ 3 ಮೀಟರ್ ಒಳಗೆ ಗೋಡೆ, ಇನ್ನೊಂದು ಗಾಡಿ, ಜನ ಯಾರೂ ಇರಬಾರದು. ಗೋಡೆಯಿಂದ ಮರಳಿದ ಸದ್ದು ಕೆಲವು ಆವರ್ತನಗಳನ್ನು ಹೆಚ್ಚಿಸಿ ಕೆಲವನ್ನು ತಿನ್ನುತ್ತದೆ. ಗಾಳಿ ಸೆಕೆಂಡಿಗೆ 5 ಮೀಟರ್ ದಾಟಿದರೆ ನಿಲ್ಲಿಸಿ.

ಗ್ಯಾರೇಜ್ ಹೋಲಿಕೆಗೆ ಇಂಜಿನ್ನಿನಿಂದ 1 ಮೀಟರ್ ದೂರದಲ್ಲಿ ಮುಂದೆ, ಎಡ, ಬಲ ಮೂರು ಬಿಂದುಗಳನ್ನು ನೆಲದ ಮೇಲೆ ಚಾಕಿನಲ್ಲಿ ಗುರುತು ಮಾಡಿ. ಆಯಿಲ್ 80ರಿಂದ 90 ಡಿಗ್ರಿಗೆ ಬಂದಿರಲಿ, ರೇಡಿಯೇಟರ್ ಫ್ಯಾನ್ ಮತ್ತು ಏಸಿ ನಿಂತಿರಲಿ. ಐಡ್ಲಿಂಗ್, 2000, 3000 ಹೀಗೆ ಪ್ರತಿ ಆರ್‌ಪಿಎಂನಲ್ಲಿ ಮೂರು ಸಲ ತೆಗೆದುಕೊಳ್ಳಿ. ರಿಪೇರಿಗೆ ಮುಂಚೆ ಬಾನೆಟ್ ತೆರೆದಿದ್ದರೆ ಆಮೇಲೂ ತೆರೆದೇ ಇರಬೇಕು.

ಇನ್ನೂ ಆಳಕ್ಕೆ ಹೋಗುವವರು ಬ್ಲಾಕಿಗೆ ಕಂಪನ ಅಳೆಯುವ ಆಕ್ಸಿಲರೋಮೀಟರ್ ಕೂರಿಸುತ್ತಾರೆ. ಕೂರಿಸುವ ರೀತಿಯಲ್ಲೇ ಎಡವುವುದು ಹೆಚ್ಚು. ಮ್ಯಾಗ್ನೆಟ್ ಮೇಲೆ ಸುಮಾರು 2 ಕಿಲೋಹರ್ಟ್ಜ್‌ವರೆಗೆ, ಕೈಯಲ್ಲಿ ಒತ್ತಿ ಹಿಡಿದ ಕಡ್ಡಿಯಿಂದ ಸುಮಾರು 1 ಕಿಲೋಹರ್ಟ್ಜ್‌ವರೆಗೆ ಮಾತ್ರ ನಂಬಬಹುದು. 7 ಕಿಲೋಹರ್ಟ್ಜ್‌ನ ನಾಕಿಂಗ್ ನೋಡಬೇಕಾದರೆ ಸ್ಟಡ್ ಹಾಕಿಯೇ ಕೂರಿಸಬೇಕು. ಅಲ್ಯೂಮಿನಿಯಂ ಬ್ಲಾಕಿಗಂತೂ ಮ್ಯಾಗ್ನೆಟ್ ಅಂಟುವುದೇ ಇಲ್ಲ.

ನಾಲ್ಕನೆಯ ಗೇರಿನಲ್ಲೋ, ಗಾಡಿಯನ್ನು ನಿಂತಲ್ಲೇ ಓಡಿಸಿ ನೋಡುವ ಡೈನೊ ಮೇಲೋ ಆರ್‌ಪಿಎಂ ನಿಧಾನಕ್ಕೆ ಏರಿಸುತ್ತಾ ರೆಕಾರ್ಡ್ ಮಾಡಿ, ಆವರ್ತನವನ್ನು ಅಡ್ಡಕ್ಕೆ, ಆರ್‌ಪಿಎಂ ಅನ್ನು ಉದ್ದಕ್ಕೆ ಹಾಕಿ ಚಿತ್ರ ಬಿಡಿಸಿದರೆ ಎಲ್ಲ ಮೂಲಗಳೂ ಬೇರೆ ಬೇರೆಯಾಗಿ ಎದ್ದು ಕಾಣುತ್ತವೆ. ಸುತ್ತಿಗೆ ಸೇರಿದ ಸದ್ದುಗಳು ಮೂಲೆಯಿಂದ ಓರೆಗೆರೆಗಳಾಗಿ ಹರಡುತ್ತವೆ. ಬ್ರಾಕೆಟ್, ಆಯಿಲ್ ಸಂಪ್, ಕವರುಗಳ ಅನುರಣನ ಆರ್‌ಪಿಎಂಗೆ ಜಗ್ಗದೆ ನೆಟ್ಟಗೆ ನಿಂತ ಗೆರೆ. ಓರೆಗೆರೆ ನೆಟ್ಟ ಗೆರೆಯನ್ನು ದಾಟುವ ಕಡೆ ಸದ್ದು ಉಬ್ಬುತ್ತದೆ, ಗಿರಾಕಿ 2200ರಲ್ಲಿ ಮಾತ್ರ ಬರುತ್ತದೆ ಅನ್ನುವುದು ಆ ಜಾಗವನ್ನೇ. ಅವಸರದಲ್ಲಿ ಏರಿಸಬಾರದು. ಸೆಕೆಂಡಿಗೆ 100 ಆರ್‌ಪಿಎಂ ಏರಿಸಿ ಒಂದು ಸೆಕೆಂಡಿನ ತುಂಡನ್ನು ವಿಶ್ಲೇಷಿಸಿದರೆ ಆ ತುಂಡಿನೊಳಗೇ 2ನೇ ಆರ್ಡರ್ 3.3 ಹರ್ಟ್ಜ್, 10ನೇ ಆರ್ಡರ್ 16.7 ಹರ್ಟ್ಜ್ ಸರಿದಿರುತ್ತದೆ, ಗೆರೆ ಕದಡಿಹೋಗುತ್ತದೆ.

ಕಾನೂನಿನ ಅಂಕಿ ಮತ್ತು ಸೈಲೆನ್ಸರ್ ಬಾಯಿಯ ಅಂಕಿ

ಕಾರಿಗೆ 74, ಬೈಕಿಗೆ ಸಿಸಿ ಪ್ರಕಾರ 75, 77, 80 ಡೆಸಿಬೆಲ್-ಎ ಎಂಬ ಮಿತಿಗಳು ಓಡುವ ಗಾಡಿಯ ಪರೀಕ್ಷೆಗೆ, ಐಎಸ್ 3028 ಎಂಬ ಭಾರತೀಯ ಮಾನಕದ ವಿಧಾನಕ್ಕೆ ಸೇರಿದವು. ಅದರಲ್ಲಿ ಮೈಕ್ ಗಾಡಿ ಹೋಗುವ ನಡುಗೆರೆಯಿಂದ 7.5 ಮೀಟರ್ ಆಚೆ, 1.2 ಮೀಟರ್ ಎತ್ತರದಲ್ಲಿ ಇರುತ್ತದೆ. ಮೈಕಿಗೆ 10 ಮೀಟರ್ ಮುಂಚಿನ ಗೆರೆಯಲ್ಲಿ ಥ್ರಾಟಲ್ ಪೂರ್ತಿ ತೆರೆದು 10 ಮೀಟರ್ ಆಚೆಯ ಗೆರೆಯಲ್ಲಿ ಬಿಡಬೇಕು. ಇದನ್ನು ಟ್ರ್ಯಾಕಿನಲ್ಲಿ ಮಾಡುತ್ತಾರೆ, ಮನೆ ಮುಂದೆ ಅಲ್ಲ.

ನಿಂತ ಗಾಡಿಯ ಪರೀಕ್ಷೆ ಬೇರೆ. ಮೈಕ್ ಸೈಲೆನ್ಸರ್ ಬಾಯಿಂದ ಅರ್ಧ ಮೀಟರ್, ಹೊಗೆಯ ದಿಕ್ಕಿಗೆ 45 ಡಿಗ್ರಿ ಕೋನದಲ್ಲಿ, ಬಾಯಿಯ ಎತ್ತರದಲ್ಲೇ ಇರಬೇಕು, ನೆಲದಿಂದ 20 ಸೆಂಟಿಮೀಟರಿಗಿಂತ ಕೆಳಗೆ ಬರಬಾರದು. ಎ-ವೇಯ್ಟಿಂಗ್, ಫಾಸ್ಟ್ (ಮೀಟರ್ ಬೇಗ ಸ್ಪಂದಿಸುವ ಸೆಟ್ಟಿಂಗ್). ಗರಿಷ್ಠ ಶಕ್ತಿಯ ಆರ್‌ಪಿಎಂನ ಮುಕ್ಕಾಲು ಭಾಗ ಅನ್ನುವುದು ಹಳೆಯ, ಸರಳ ನಿಯಮ. 5000 ಆರ್‌ಪಿಎಂ ದಾಟುವ ಬೈಕುಗಳಿಗೆ ಐಎಸ್ಒ 5130 ಎಂಬ ಅಂತರರಾಷ್ಟ್ರೀಯ ಮಾನಕ ಅದನ್ನು ಅರ್ಧಕ್ಕೆ ಇಳಿಸಿದೆ. ಆ ಆರ್‌ಪಿಎಂನಲ್ಲಿ ಸ್ಥಿರವಾಗಿ ಹಿಡಿದು ಥ್ರಾಟಲನ್ನು ಥಟ್ಟನೆ ಬಿಟ್ಟು, ಆ ಇಡೀ ಹೊತ್ತಿನ ಗರಿಷ್ಠ ಅಂಕಿ ಬರೆದುಕೊಳ್ಳಬೇಕು. ಮೂರು ಅಳತೆಗಳು 2 ಡೆಸಿಬೆಲ್ ಒಳಗೆ ಬಂದರೆ ಮಾತ್ರ ಲೆಕ್ಕ.

7.5 ಮೀಟರಿಗೂ 0.5 ಮೀಟರಿಗೂ ಬರೀ ದೂರದ ಲೆಕ್ಕದಲ್ಲೇ 23.5 ಡೆಸಿಬೆಲ್ ಅಂತರ ಇದೆ. ಸೈಲೆನ್ಸರ್ ಬಾಯಿಗೆ ಫೋನ್ ಹಿಡಿದು 90 ಬಂತು, ಮಿತಿ 80, ಗಾಡಿ ಕಾನೂನು ಮೀರಿದೆ ಎಂದು ಜಗಳಕ್ಕೆ ನಿಲ್ಲುವವರೂ, 7.5 ಮೀಟರ್ ದೂರದಲ್ಲಿ ಐಡ್ಲಿಂಗ್ ಅಳೆದು 62 ಇದೆ, ನನ್ನ ಮಾಡಿಫೈಡ್ ಸೈಲೆನ್ಸರ್ ಸರಿಯಿದೆ ಎಂದು ವಾದಿಸುವವರೂ ಒಂದೇ ತಪ್ಪು ಮಾಡುತ್ತಿದ್ದಾರೆ. ಅಂಕಿ ಬರೆಯುವಾಗ ಅದೇ ಸಾಲಿನಲ್ಲಿ ದೂರ, ಎತ್ತರ, ಕೋನ, ಆರ್‌ಪಿಎಂ, ಲೋಡ್, ಆಯಿಲ್ ಬಿಸಿ, ವೇಯ್ಟಿಂಗ್, ಫಾಸ್ಟೋ ಸ್ಲೋವೋ, ಹಿನ್ನೆಲೆ ಸದ್ದು ಇಷ್ಟನ್ನೂ ಬರೆಯಿರಿ. ಮುಂದಿನ ಸರ್ವಿಸಿನಲ್ಲಿ ಅದೇ ಗಾಡಿ ಬಂದಾಗ ಅದೇ ಚಾಕ್ ಗುರುತಿನಲ್ಲಿ, ಅದೇ ಸ್ಥಿತಿಯಲ್ಲಿ ಅಳೆದು ಹಳೆಯ ಸಾಲಿನ ಕೆಳಗೇ ಹೊಸದನ್ನು ಬರೆಯಬಹುದು.